ಪದ ಪರಿಚಯ: ಬದಲಿ ಮದ್ದು

‘ಬದಲಿ ಮದ್ದು’ ಅಂದರೆ ನಮ್ಮ ಬದಿಯಡ್ಕದ ಕಡೆ ಆಯುರ್ವೇದವೋ ಹೋಮಿಯೋಪತಿಯೋ ಅಂದುಕೊಳ್ಳುತ್ತಾರೆ. ಇದು ಬೇರೆ. ಅಫೀಮಿನ ಜಾತಿಯ ಮದ್ದಿಗೆ ಅಂಟಿಕೊಂಡವರಿಗೆ ಅದೇ ಜಾತಿಯ ಇನ್ನೊಂದನ್ನು ಡಾಕ್ಟರೇ ಅಳೆದು ಕೊಡುವುದು. ಆಸ್ಪತ್ರೆಯವರ ಬಾಯಲ್ಲಿ ಓಎಸ್‌ಟಿ, ಅಂದರೆ ಓಪಿಯಾಯ್ಡ್ ಸಬ್‌ಸ್ಟಿಟ್ಯೂಷನ್ ಥೆರಪಿ.

ಅಫೀಮು ಅಂದ ಕೂಡಲೇ ಎಲ್ಲರೂ ಹುಡುಗರ ಕಡೆ ನೋಡುತ್ತಾರೆ. ನಾನು ನೋಡಿದ್ದು ಎಪ್ಪತ್ತು ದಾಟಿದ ಒಬ್ಬ ಅಜ್ಜನನ್ನು. ಅವರ ಎಲೆಪೆಟ್ಟಿಗೆಯಲ್ಲಿ, ಸುಣ್ಣದ ಡಬ್ಬಿಯ ಅಡಿಯಲ್ಲಿ, ಟ್ರಮಡಾಲ್ ಮಾತ್ರೆ. ಇದೂ ಅಫೀಮಿನ ಜಾತಿಯದೇ, ನೋವಿನ ಮದ್ದು. ಸೊಂಟನೋವಿಗೆ ಡಾಕ್ಟರೇ ಹತ್ತು ದಿನಕ್ಕೆ ಬರೆದದ್ದು. ಹಳೇ ಚೀಟಿಯಲ್ಲೇ ಎರಡು ವರ್ಷ ನಡೆಯಿತು. 2018ರಿಂದ ಟ್ರಮಡಾಲ್ ಮಾದಕ ವಸ್ತುಗಳ ಕಾನೂನಿನಡಿ ಇದೆ. ಒಂದು ದಿನ ಅಂಗಡಿಯವರು ಕೊಡಲಿಲ್ಲ. ಮರುದಿನ ಆಕಳಿಕೆ ಮೇಲೆ ಆಕಳಿಕೆ, ಮೂಗಲ್ಲಿ ನೀರು, ಮೈಯೆಲ್ಲ ಮುಳ್ಳೆದ್ದು ರಾತ್ರಿಯಿಡೀ ಭೇದಿ. ‘ಪ್ರಾಯ ಆಯ್ತಲ್ವಾ’ ಅಂದರು ಮನೆಯವರು. ಚಟ ಅನ್ನುವ ಪದ ಯಾರಿಗೂ ಹೊಳೆಯಲಿಲ್ಲ.

ನಮ್ಮ ದೇಶದಲ್ಲಿ ಜಾಸ್ತಿ ಕೊಡುವ ಬದಲಿ ಮದ್ದು ಬುಪ್ರೆನಾರ್ಫಿನ್. ನುಂಗುವುದಲ್ಲ, ನಾಲಿಗೆಯಡಿ ಇಟ್ಟು ಕರಗಿಸುವುದು. ಮಿದುಳಿನಲ್ಲಿ ಈ ಜಾತಿಯ ಮದ್ದುಗಳಿಗೆಂದೇ ಸೀಟುಗಳಿವೆ ಅಂದುಕೊಳ್ಳಿ. ಹೆರಾಯಿನ್ ಅಲ್ಲಿ ಕೂತು ಗದ್ದಲ ಎಬ್ಬಿಸುತ್ತದೆ. ಇದು ಗಟ್ಟಿಯಾಗಿ ಕೂತು ಬೇರೆಯವರಿಗೆ ಜಾಗ ಬಿಡುವುದಿಲ್ಲ, ಗದ್ದಲ ಮಾತ್ರ ಕಡಿಮೆ. ಹಿಂದಿನ ಮದ್ದು ಇಳಿದು ಆಕಳಿಕೆ ಶುರುವಾದ ಮೇಲೆಯೇ ಮೊದಲ ಮಾತ್ರೆ. ಅವಸರ ಮಾಡಿದರೆ ಕೂತವರನ್ನು ದಬ್ಬಿದ ಹಾಗಾಗಿ, ಎಲ್ಲ ಸಂಕಟ ಒಟ್ಟಿಗೇ ಬರುತ್ತದೆ.

‘ಒಂದು ಚಟಕ್ಕೆ ಇನ್ನೊಂದು ಚಟವಾ?’ ಅನ್ನುವವರಿದ್ದಾರೆ. ಡೋಸ್ ಏರಿಸಿದರೂ ಇದರ ಅಮಲು ಒಂದು ಮಟ್ಟ ದಾಟುವುದಿಲ್ಲ. ಆದರೆ ನಿದ್ದೆ ಮಾತ್ರೆಯೋ ಮದ್ಯವೋ ಜೊತೆಗೆ ಸೇರಿದರೆ ಉಸಿರಿಗೇ ಅಪಾಯ, ಪ್ರಾಯ ಆದವರಿಗಂತೂ ಇನ್ನೂ ಜಾಸ್ತಿ. ಎಲ್ಲರಿಗೂ ಬದಲಿಯೇ ಬೇಕೆಂದೂ ಇಲ್ಲ. ಆ ಅಜ್ಜನಿಗೆ ಟ್ರಮಡಾಲನ್ನೇ ವಾರ ವಾರ ಇಳಿಸಿದರು.

ಸಿಗುವುದೇ ಕಷ್ಟ. ಸರಕಾರಿ ಓಎಸ್‌ಟಿ ಕೇಂದ್ರಗಳು ಬಂದದ್ದು ಇಂಜೆಕ್ಷನ್ ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಹರಡದಿರಲಿ ಅಂತ. ದಿನಾ ಬಂದು ಸಿಬ್ಬಂದಿಯ ಎದುರೇ ಮಾತ್ರೆ ತೆಗೆದುಕೊಳ್ಳುವುದು ಅಲ್ಲಿಯ ಮೂಲ ಪದ್ಧತಿ. ಸೊಂಟ ಹಿಡಿದ ಅಜ್ಜನ ಲೆಕ್ಕ ಅದರಲ್ಲಿ ಇರಲೇ ಇಲ್ಲ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕೇರಳ ಸರಕಾರದ, ಚಟ ಬಿಡಿಸುವ ವಿಮುಕ್ತಿ ಯೋಜನೆಯ ಕೇಂದ್ರ ಇರುವುದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ. ಮುಳ್ಳೇರಿಯದಿಂದ ಹೊರಟರೆ ಬಸ್ಸು ಬದಲಿಸಬೇಕು. ಅಲ್ಲಿ ಸೊಂಟದ ಕತೆ ಹೇಳುವುದು ಮಲಯಾಳದಲ್ಲಿ. ಹೋಗುವಾಗ ಎಲೆಪೆಟ್ಟಿಗೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ತೋರಿಸಲು ಒಯ್ಯಿರಿ, ನಿದ್ದೆ ಮಾತ್ರೆಯನ್ನೂ.