ಹಬ್ಬ ಯಾವತ್ತು? ಪಕ್ಕದ ಮನೆಯವರನ್ನು ಕೇಳಿ

ಯೇಸುವನ್ನು ಶಿಲುಬೆಗೇರಿಸಿದ್ದು ಯೆಹೂದಿಗಳ ಪಸ್ಕ ಹಬ್ಬದ ಹೊತ್ತಿನಲ್ಲಿ. ಅವನ ಕಥೆ ಹೇಳುವ ನಾಲ್ಕೂ ಸುವಾರ್ತೆಗಳು ಹಾಗೇ ಹೇಳುತ್ತವೆ. ಅಂದಮೇಲೆ ಅವನು ಸತ್ತು ಮತ್ತೆ ಎದ್ದುಬಂದ ನೆನಪಿನ ಈಸ್ಟರ್ ಹಬ್ಬ ಪಸ್ಕದ ಅಕ್ಕಪಕ್ಕದಲ್ಲೇ ಬರಬೇಕು, ಅಲ್ವಾ? 2024ರಲ್ಲಿ ಈಸ್ಟರ್ ಬಂದಿದ್ದು ಮಾರ್ಚ್ 31ಕ್ಕೆ. ಪಸ್ಕ ಶುರುವಾಗಿದ್ದು ಏಪ್ರಿಲ್ 22ರ ಸಂಜೆ. ಪುನರುತ್ಥಾನ ಆಗಿ ಮೂರು ವಾರ ಕಳೆದ ಮೇಲೆ, ಶಿಲುಬೆಗೇರುವ ಹಿಂದಿನ ರಾತ್ರಿಯ ಕೊನೆಯ ಭೋಜನ ಅಂದ ಹಾಗಾಯಿತು!

ಯೆಹೂದಿ, ಕ್ರೈಸ್ತ ಎಂಬ ಎರಡು ಧರ್ಮಗಳು ಬೇರೆಯಾದ ಕಥೆಯನ್ನು ನಾನು ಓದುವುದು ಈ ಮೂರು ವಾರದಲ್ಲಿ. 'ಸ್ಥಾಪಕರು: ಯೇಸು ಕ್ರಿಸ್ತ' ಅಂತ ಬಿಟ್ಟ ಸ್ಥಳ ತುಂಬಿ ಬೆಳೆದವರು ನಾವು. ಹಾಗಾಗಿ ಒಂದು ದಿನ ಹೊಸ ಧರ್ಮ ಹುಟ್ಟಿತು, ಮರುದಿನ ಇವರು ಬೇರೆ, ಅವರು ಬೇರೆ ಅಂದುಕೊಳ್ಳುತ್ತೇವೆ. ಆಗಿದ್ದು ಹಾಗಲ್ಲ. ಯೇಸು ಯೆಹೂದಿ. ಹನ್ನೆರಡು ಶಿಷ್ಯರೂ ಯೆಹೂದಿಗಳೇ. ಕ್ರಿ.ಶ. 50ರ ದಶಕದಲ್ಲಿ ಯೇಸುವಿನ ಸಂದೇಶ ಸಾರುತ್ತಿದ್ದ ಪೌಲ ಬರೆದ ಪತ್ರಗಳಲ್ಲಿ 'ಕ್ರೈಸ್ತ' ಎಂಬ ಮಾತೇ ಇಲ್ಲ. ಬೈಬಲಿನ ಎರಡನೇ ಭಾಗವಾದ ಇಡೀ ಹೊಸ ಒಡಂಬಡಿಕೆಯಲ್ಲಿ ಆ ಪದ ಬರುವುದು ಮೂರು ಸಲ. ಮೊದಲು ಆ ಹೆಸರು ಬಿದ್ದಿದ್ದು ಅಂತಿಯೋಕ್ಯ ಎಂಬ ಊರಲ್ಲಿ. ಯೆಹೂದಿಗಳಲ್ಲದೆ ಹೊರಗಿನಿಂದ ಬಂದವರಿಗೆ ಯೆಹೂದಿಗಳ ಹಾಗೆ ಸುನ್ನತಿ ಬೇಕೋ ಬೇಡವೋ ಅಂತ ಪೌಲ ಆಡಿದ ಜಗಳವೂ ಮನೆಯೊಳಗಿನ ಜಗಳವೇ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಸುಟ್ಟರು. ಅಲ್ಲಿಗೆ ಹೋಗುತ್ತಿದ್ದ ಕಾಣಿಕೆಯನ್ನು ತೆರಿಗೆ ಮಾಡಿ ತಾವೇ ವಸೂಲಿ ಮಾಡಿದರು. ಯಾರು ಯೆಹೂದಿ, ಯಾರು ಅಲ್ಲ ಎನ್ನುವುದು ಆಗ ದುಡ್ಡಿನ ಪ್ರಶ್ನೆಯೂ ಆಯಿತು.

ನನಗೆ ಇದೆಲ್ಲಕ್ಕಿಂತ ಜಾಸ್ತಿ ಹಿಡಿಸುವುದು ಪಂಚಾಂಗ.

ಪಸ್ಕ ಹುಣ್ಣಿಮೆಯ ಹಬ್ಬ. ಯೆಹೂದಿ ಪಂಚಾಂಗದ ನಿಸಾನ್ ತಿಂಗಳ 14ನೇ ದಿನ ಮಧ್ಯಾಹ್ನದ ಮೇಲೆ ಕುರಿಮರಿ ಕೊಯ್ಯಬೇಕು, ಕತ್ತಲಾದ ಮೇಲೆ ಊಟ. ಆದರೆ ಚಂದ್ರನ ಹನ್ನೆರಡು ತಿಂಗಳಿಗೆ 354 ದಿನ. ಸೂರ್ಯನ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಮ್ಮಿ. ಸುಮ್ನೆ ಬಿಟ್ಟರೆ ಹಬ್ಬ ರಂಜಾನ್ ಹಾಗೆ ಎಲ್ಲ ಋತುಗಳಲ್ಲೂ ಸುತ್ತುತ್ತದೆ. ಪಸ್ಕ ಮಾತ್ರ ವಸಂತದಲ್ಲೇ ಬರಬೇಕು. ಅದಕ್ಕೆ ಆಗಾಗ ಒಂದು ತಿಂಗಳು ಸೇರಿಸುತ್ತಾರೆ, ನಮ್ಮ ಅಧಿಕ ಮಾಸದ ಹಾಗೆ. ವರ್ಷಕ್ಕೆ ಹನ್ನೊಂದು ದಿನದ ಸಾಲ, ಮೂವತ್ತಾದ ಕೂಡಲೇ ಒಂದು ತಿಂಗಳು ಕೊಟ್ಟು ತೀರಿಸುವುದು. ಅಥವಾ ಅಪ್ಪನ ಕೈಬಿಟ್ಟು ಹಿಂದೆ ಬಿದ್ದ ಮಗು ಆಗಾಗ ಓಡಿ ಬಂದು ಸೇರಿಕೊಳ್ಳುವುದು.

ತಿಂಗಳು ಶುರುವಾಯಿತು ಅಂತ ಹೇಳುವವರು ಯಾರು? ಯೆಹೂದಿ ಹಿರಿಯರು. ಅಮಾವಾಸ್ಯೆ ಕಳೆದು ಚಂದ್ರನ ಗೆರೆ ಕಂಡವರು ಬಂದು ಸಾಕ್ಷಿ ಹೇಳಬೇಕಿತ್ತು. ರಬ್ಬಾನ್ ಗಮಲಿಯೇಲ್ ಎಂಬ ಹಿರಿಯ ತನ್ನ ಮಾಳಿಗೆಯ ಗೋಡೆಯ ಮೇಲೆ ಚಂದ್ರನ ಆಕಾರಗಳನ್ನೆಲ್ಲ ಬರೆಸಿಟ್ಟಿದ್ದ. ಸಾಕ್ಷಿಗಳಿಗೆ ತೋರಿಸಿ, 'ನೀನು ಕಂಡಿದ್ದು ಹೀಗಿತ್ತೋ, ಹಾಗಿತ್ತೋ?' ಅಂತ ಕೇಳುತ್ತಿದ್ದ. ಹಿಂದೆ ಈ ಸುದ್ದಿಯನ್ನು ಬೆಟ್ಟದಿಂದ ಬೆಟ್ಟಕ್ಕೆ ಪಂಜು ಬೀಸಿ ತಿಳಿಸುತ್ತಿದ್ದರಂತೆ. ಯೆಹೂದಿಗಳ ಜೊತೆ ಹಗೆಯಿದ್ದ ನೆರೆಯ ಸಮಾರ್ಯದವರು ಬೇಕಂತಲೇ ಸುಳ್ಳು ಪಂಜು ಹಚ್ಚಿದ ಮೇಲೆ ಆಳುಗಳನ್ನು ಕಳಿಸುವ ಪದ್ಧತಿ ಬಂತು.

ಅಂದರೆ ಯೇಸುವಿನ ಸಾವನ್ನು ನೆನೆಯುವವರೂ ದಿನ ತಿಳಿಯಲು ಯೆಹೂದಿಗಳನ್ನೇ ಕೇಳಬೇಕಿತ್ತು. ಕೇಳುತ್ತಲೂ ಇದ್ದರು. ಏಷ್ಯಾ ಮೈನರ್‌ನ (ಈಗಿನ ಟರ್ಕಿ) ಕ್ರೈಸ್ತ ಸಭೆಗಳು ವಾರ ಯಾವುದೇ ಇರಲಿ, 14ನೇ ದಿನವೇ ಆಚರಿಸುತ್ತಿದ್ದವು. ರೋಮಿನವರಿಗೆ ಭಾನುವಾರವೇ ಆಗಬೇಕು. ಸುಮಾರು 155ರಲ್ಲಿ ಸ್ಮುರ್ನದ ಮುದುಕ ಬಿಷಪ್ ಪಾಲಿಕಾರ್ಪ್ ರೋಮಿಗೆ ಹೋಗಿ ಅಲ್ಲಿಯ ಬಿಷಪ್ ಅನಿಸೇಟಸ್ ಜೊತೆ ಮಾತಾಡಿದ. ಇಬ್ಬರೂ ಪಟ್ಟು ಬಿಡಲಿಲ್ಲ. ಆದರೂ ಒಟ್ಟಿಗೆ ಪ್ರಸಾದ ತೆಗೆದುಕೊಂಡು ಸಮಾಧಾನವಾಗಿ ಬೀಳ್ಕೊಟ್ಟರು. ಸುಮಾರು 190ರಲ್ಲಿ ರೋಮಿನ ಬಿಷಪ್ ವಿಕ್ಟರ್‌ಗೆ ಅಷ್ಟು ತಾಳ್ಮೆ ಇರಲಿಲ್ಲ, ಏಷ್ಯಾದವರನ್ನು ಹೊರಗೆ ಹಾಕಲು ಹೊರಟ.

ಮುಂದಿನ ಶತಮಾನದಲ್ಲಿ ಕ್ರೈಸ್ತರು ತಮ್ಮದೇ ಲೆಕ್ಕ ಶುರುಮಾಡಿದರು. ಕೇಳುವುದೇ ಬೇಡ, ಕೂಡಿ ಕಳೆದರೆ ಸಾಕು! ರೋಮಿನಲ್ಲಿ ಒಂದು ಕಲ್ಲಿನ ಕುರ್ಚಿಯ ಪಕ್ಕಗಳಲ್ಲಿ 222ನೇ ಇಸವಿಯಿಂದ 112 ವರ್ಷಗಳ ಹುಣ್ಣಿಮೆ, ಈಸ್ಟರ್ ಎಲ್ಲ ಕೆತ್ತಿದ್ದಾರೆ. ಅದರ ಲೆಕ್ಕ ಚಂದ. ವರ್ಷಕ್ಕೆ ಹನ್ನೊಂದೂಕಾಲು ದಿನದ ಕೊರತೆ, ಎಂಟು ವರ್ಷಕ್ಕೆ ಸರಿಯಾಗಿ 90 ದಿನ, ಮೂರು ಅಧಿಕ ಮಾಸ. ಕೈಬಾಕಿ ಇಲ್ಲ. ಆದರೆ ನಿಜವಾದ ಚಂದ್ರ ಎಂಟು ವರ್ಷಕ್ಕೆ ಒಂದೂವರೆ ದಿನ ತಡ ಮಾಡುತ್ತಾನೆ. ಹದಿನಾರು ವರ್ಷಕ್ಕೆ ಮೂರು ದಿನ. ಕಲ್ಲಿನಲ್ಲಿ ಹುಣ್ಣಿಮೆ, ಆಕಾಶದಲ್ಲಿ ಇನ್ನೂ ದ್ವಾದಶಿ! ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಕ್ರೈಸ್ತರು ಇದನ್ನು ಸರಿಮಾಡಿದ್ದು 19 ವರ್ಷದ ಚಕ್ರದಿಂದ. ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸ, ಒಟ್ಟು 235 ತಿಂಗಳು, ವ್ಯತ್ಯಾಸ ಬರೀ ಎರಡು ಗಂಟೆ. ಇದು ಬ್ಯಾಬಿಲೋನಿನವರಿಗೆ ಎಷ್ಟೋ ಮೊದಲೇ ಗೊತ್ತಿತ್ತು. ಮುಂದೆ ಯೆಹೂದಿಗಳೂ ಸಾಕ್ಷಿ ಕರೆಯುವುದು ಬಿಟ್ಟು ಇದೇ ಚಕ್ರ ಹಿಡಿದರು. ಅಧಿಕ ಮಾಸ ಯಾವ ವರ್ಷಕ್ಕೆ ಎನ್ನುವುದು ಮಾತ್ರ ಎರಡೂ ಕಡೆ ಒಂದೇ ಅಲ್ಲ. 2024ರಲ್ಲಿ ಪಸ್ಕಕ್ಕೆ ಮೊದಲೇ ಯೆಹೂದಿಗಳು ಆ ತಿಂಗಳು ಸೇರಿಸಿದ್ದರು. ಚರ್ಚಿನ ಲೆಕ್ಕದಲ್ಲಿ ಅದು ಬಂದಿದ್ದು ಈಸ್ಟರ್ ಮುಗಿದ ಮೇಲೆ.

325ರಲ್ಲಿ ನೈಸಿಯಾ ಎಂಬ ಊರಲ್ಲಿ ಬಿಷಪ್‌ಗಳ ಸಭೆ ಸೇರಿತು. ಈ ಹಬ್ಬಕ್ಕೆ ಯೆಹೂದಿಗಳ ಪದ್ಧತಿ ಅನುಸರಿಸುವುದು ನಮಗೆ ಶೋಭೆಯಲ್ಲ ಅಂತ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಚರ್ಚುಗಳಿಗೆ ಬರೆದ. ಹೆಸರು ಮಾತ್ರ ಬದಲಾಗಲಿಲ್ಲ. ಮಂಗಳೂರಿನ ಕೊಂಕಣಿ ಕ್ರೈಸ್ತರು ಈಸ್ಟರನ್ನು ಇವತ್ತಿಗೂ 'ಪಾಸ್ಕಾಂಚೆಂ ಫೆಸ್ತ್' ಅನ್ನುತ್ತಾರೆ. ಅದು ಪೋರ್ಚುಗೀಸರ ಮೂಲಕ ಬಂದ ಅದೇ ಹೀಬ್ರೂ ಪೆಸಹ್, ಅಂದರೆ ಪಸ್ಕ.

ಪತ್ರ ಬರೆದ ಮಾತ್ರಕ್ಕೆ ಜನ ಕೇಳಿದರಾ? 386ರಲ್ಲಿ, ಕ್ರೈಸ್ತ ಎಂಬ ಹೆಸರು ಹುಟ್ಟಿದ ಅದೇ ಅಂತಿಯೋಕ್ಯದಲ್ಲಿ, ಯೋಹಾನ ಕ್ರಿಸೋಸ್ತೋಮ್ ಎಂಬ ಪಾದ್ರಿ ತನ್ನ ಜನರನ್ನು ಪ್ರವಚನದ ಮೇಲೆ ಪ್ರವಚನ ಮಾಡಿ ಗದರಿಸುತ್ತಿದ್ದ. ಕ್ರೈಸ್ತರೇ ಯೆಹೂದಿಗಳ ಹಬ್ಬಕ್ಕೆ, ಕೊಂಬು ಊದುವುದನ್ನು ಕೇಳಲಿಕ್ಕೆ, ಉಪವಾಸಕ್ಕೆ ಅಂತ ಅವರ ಪ್ರಾರ್ಥನಾ ಮಂದಿರವಾದ ಸಿನಗಾಗಿಗೆ ಹೋಗುತ್ತಿದ್ದರು. ಯೆಹೂದಿಗಳ ಮೇಲೆ ಅವನು ಕಾರಿದ ವಿಷ ಶತಮಾನಗಳ ಕಾಲ ದ್ವೇಷಕ್ಕೆ ಸರಕಾಯಿತು, ಅದು ಬೇರೆ ಕಥೆ. ಅದೇ ಪ್ರವಚನದಲ್ಲಿ ಅವನು ಕಣ್ಣಾರೆ ಕಂಡ ಒಂದು ಘಟನೆ ಇದೆ. ಕ್ರೈಸ್ತ ಅನ್ನಿಸಿಕೊಂಡವನೊಬ್ಬ ಒಬ್ಬ ಕ್ರೈಸ್ತ ಹೆಂಗಸನ್ನು ಸಿನಗಾಗಿಗೆ ಎಳೆದುಕೊಂಡು ಹೋಗುತ್ತಿದ್ದ. ಯಾವುದೋ ವ್ಯವಹಾರದ ತಕರಾರು, ಅವಳು ಅಲ್ಲಿ ಆಣೆ ಮಾಡಬೇಕಿತ್ತು. ಚರ್ಚು ಬಿಟ್ಟು ಅಲ್ಲಿಗೇಕೆ ಅಂತ ಕ್ರಿಸೋಸ್ತೋಮ್ ಕೇಳಿದ. ಅಲ್ಲಿ ಮಾಡಿದ ಆಣೆಗೆ ಜಾಸ್ತಿ ಹೆದರಬೇಕು ಅಂತ ತುಂಬಾ ಜನ ಹೇಳಿದ್ದಾರೆ ಎಂದನಂತೆ ಆ ಮನುಷ್ಯ.