ಬಹುಮತ ಇಲ್ಲದ ಸರ್ಕಾರ, ಒಂದಾದ ಎದುರಾಳಿಗಳು: ದುರ್ಗ, ದಾವಣಗೆರೆ ಕಂಡ ಹಳೇ ಜಗಳ

2018ರ ಮೇ ತಿಂಗಳಲ್ಲಿ ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಎಲ್ಲಿ ನಿಂತರೂ ಒಂದೇ ಲೆಕ್ಕ ಕೇಳಿಬರುತ್ತಿತ್ತು. 104 ದೊಡ್ಡದಾ, 78 ಮತ್ತು 37 ಸೇರಿದ್ದು ದೊಡ್ಡದಾ? ಬಿಜೆಪಿ 104 ಸ್ಥಾನ ಗೆದ್ದು ಮೊದಲ ಸ್ಥಾನದಲ್ಲಿತ್ತು. ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37. ಚುನಾವಣೆಯುದ್ದಕ್ಕೂ ಒಬ್ಬರನ್ನೊಬ್ಬರು ಬೈದುಕೊಂಡಿದ್ದ ಈ ಎರಡು ಪಕ್ಷಗಳು ಫಲಿತಾಂಶ ಬಂದ ದಿನವೇ ಕೈಜೋಡಿಸಿದವು.

ನಮ್ಮ ಕಡೆ ಸಿಟ್ಟು ಜಾಸ್ತಿಯೇ ಇತ್ತು. ಅದಕ್ಕೆ ಕಾರಣವೂ ಇತ್ತು. ಚಿತ್ರದುರ್ಗ ಜಿಲ್ಲೆಯ 6 ಕ್ಷೇತ್ರಗಳಲ್ಲಿ 5 ಬಿಜೆಪಿಗೆ ಹೋಗಿದ್ದವು. ದಾವಣಗೆರೆ ಕಡೆ, ಹರಪನಹಳ್ಳಿಯನ್ನೂ ಸೇರಿಸಿ ಎಣಿಸಿದರೆ, 8ರಲ್ಲಿ 6. 'ನಾವು ಓಟು ಹಾಕಿದ್ದು ಇವರಿಗೆ, ಕುರ್ಚಿ ಮೇಲೆ ಕೂರೋದು ಅವರಾ?' ಅಂತ ಜನ ಕೇಳಿದ್ದು ಸಹಜ. ಇನ್ನೊಂದು ಕಡೆಯವರ ಉತ್ತರವೂ ಸಿದ್ಧವಿತ್ತು: ಬಹುಮತಕ್ಕೆ ಬೇಕಾದಷ್ಟು ತಲೆ ಯಾರ ಹತ್ತಿರ ಇದೆಯೋ ಅವರದ್ದೇ ಸರ್ಕಾರ.

ಈ ಜಗಳ 2018ರಲ್ಲಿ ಹುಟ್ಟಿದ್ದಲ್ಲ. ಅರ್ಧ ಶತಮಾನದಿಂದ ನಡೆಯುತ್ತಿದೆ. ಅದರ ದೊಡ್ಡ ತಿರುವುಗಳಲ್ಲಿ ನಮ್ಮ ಈ ಎರಡು ಜಿಲ್ಲೆಗಳ ಯಾರಾದರೊಬ್ಬರು ಇದ್ದೇ ಇದ್ದಾರೆ.

ಶುರುವಾಗಿದ್ದು ದುರ್ಗದವರಿಂದಲೇ. ಎಸ್. ನಿಜಲಿಂಗಪ್ಪ ಹುಟ್ಟಿದ್ದು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ, ವಕೀಲಿಕೆ ಮಾಡಿದ್ದು ಚಿತ್ರದುರ್ಗದಲ್ಲಿ. 1952ರಲ್ಲಿ ಚಿತ್ರದುರ್ಗದಿಂದಲೇ ಲೋಕಸಭೆಗೆ ಹೋದರು. ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, 1968ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಆಗ ಪಕ್ಷದ ಹಿರಿಯರಿಗೂ ಪ್ರಧಾನಿ ಇಂದಿರಾ ಗಾಂಧಿಗೂ ಆಗಿಬರುತ್ತಿರಲಿಲ್ಲ. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅದು ಮುಗಿದ ಕೆಲವೇ ದಿನಗಳಲ್ಲಿ ಇಂದಿರಾ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ಆಗಸ್ಟ್‌ನಲ್ಲಿ ರಾಷ್ಟ್ರಪತಿ ಚುನಾವಣೆ. ಪಕ್ಷದ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ ಸೋತು, ವಿ.ವಿ. ಗಿರಿ ಗೆದ್ದರು. ಸಂಜೀವ ರೆಡ್ಡಿಗೆ ಎರಡನೇ ಪ್ರಾಶಸ್ತ್ಯದ ಮತ ಕೊಡಿಸಲು ನಿಜಲಿಂಗಪ್ಪ ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರ ಜೊತೆ ಮಾತಾಡಿದ್ದರು. ಇಂದಿರಾ ಬಣ ಅದನ್ನೇ ಹಿಡಿದುಕೊಂಡು, 'ಇವರು ಬಲಪಂಥೀಯರ ಜೊತೆ ಸೇರಿಕೊಂಡು ಸರ್ಕಾರ ಕೆಡವಲು ಹೊರಟಿದ್ದಾರೆ' ಎಂದು ದೂರಿತು. ನವೆಂಬರ್ 12ರಂದು ನಿಜಲಿಂಗಪ್ಪ ಅಧ್ಯಕ್ಷತೆಯ ಕಾರ್ಯಕಾರಿ ಸಮಿತಿ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿತು.

ಪಕ್ಷ ಎರಡಾಯಿತು. ಇಂದಿರಾ ಜೊತೆ ಉಳಿದ ಲೋಕಸಭಾ ಸದಸ್ಯರು 220ರ ಆಸುಪಾಸು. ಬಹುಮತಕ್ಕೆ ಬೇಕಿದ್ದದ್ದು 260ಕ್ಕೂ ಮೇಲೆ. ಸ್ವತಂತ್ರ ಭಾರತದ ಕೇಂದ್ರ ಸರ್ಕಾರ ಮೊದಲ ಸಲ ಅಲ್ಪಮತಕ್ಕೆ ಇಳಿದಿತ್ತು. ಹೊರಗೆ ಹೋದ ಕಾಂಗ್ರೆಸ್ಸಿಗರ ನಾಯಕ ರಾಮ್ ಸುಭಗ್ ಸಿಂಗ್ ಲೋಕಸಭೆಯಲ್ಲಿ ಅಧಿಕೃತ ಮಾನ್ಯತೆ ಪಡೆದ ಮೊದಲ ವಿರೋಧ ಪಕ್ಷದ ನಾಯಕರಾದರು. ಆದರೆ ಸರ್ಕಾರ ಬೀಳಲಿಲ್ಲ. ಸಿಪಿಐ, ಡಿಎಂಕೆ ಮುಂತಾದವರು ಸದನದಲ್ಲಿ ಕೈ ಬಿಡಲಿಲ್ಲ.

ಆ ಲೋಕಸಭೆಯಲ್ಲಿ ನಮ್ಮವರು ಯಾರ್ಯಾರು ಇದ್ದರು ನೋಡಿ. ಚಿತ್ರದುರ್ಗದ ಸದಸ್ಯರು ಜಗಳೂರಿನ ಜೆ. ಮೊಹಮದ್ ಇಮಾಂ, ಸ್ವತಂತ್ರ ಪಕ್ಷದಿಂದ. ಶಿವಮೊಗ್ಗದಿಂದ ಬಂದವರು ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲ್, ಸಂಯುಕ್ತ ಸಮಾಜವಾದಿ ಪಕ್ಷದಿಂದ. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲಿಗರು ಅವರೇ. ಒಬ್ಬರ ಪಕ್ಷ ಮುಕ್ತ ಮಾರುಕಟ್ಟೆ ಬೇಕು ಅನ್ನುತ್ತಿತ್ತು. ಇನ್ನೊಬ್ಬರದ್ದು ಲೋಹಿಯಾ ದಾರಿ. 1971ರ ಚುನಾವಣೆ ಹೊತ್ತಿಗೆ ಈ ಎರಡೂ ಪಕ್ಷಗಳು, ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ ಮತ್ತು ಜನಸಂಘದ ಜೊತೆ ಒಂದೇ ಕೂಟಕ್ಕೆ ಸೇರಿದವು. ದೇಶದ ಆರ್ಥಿಕತೆ ಹೇಗಿರಬೇಕು ಅನ್ನೋದರಲ್ಲಿ ಇವರಿಗೆ ಒಮ್ಮತವೇ ಇರಲಿಲ್ಲ. ಇಂದಿರಾ ಇಳಿಯಬೇಕು ಅನ್ನೋದೊಂದೇ ಎಲ್ಲರ ಮಾತು.

ಇಂದಿರಾ ಜಾಣತನ ಇಲ್ಲೇ ಇರೋದು. ಸದನದಲ್ಲಿ ಒಂದೊಂದು ಮತಕ್ಕೂ ಪರದಾಡುತ್ತ ಕೂರಲಿಲ್ಲ. ಹಳೇ ರಾಜಮನೆತನಗಳಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದು ಮಾಡುವ ಮಸೂದೆ 1970ರಲ್ಲಿ ರಾಜ್ಯಸಭೆಯಲ್ಲಿ, ಬೇಕಿದ್ದ ಮೂರನೇ ಎರಡರಷ್ಟು ಬಹುಮತಕ್ಕೆ ಒಂದು ಮತಕ್ಕಿಂತಲೂ ಕಮ್ಮಿ ಕೊರತೆಯಾಗಿ, ಬಿದ್ದುಹೋಗಿತ್ತು. ರಾಷ್ಟ್ರಪತಿಯ ಆದೇಶದ ಮೂಲಕ ಅದನ್ನೇ ಮಾಡಹೊರಟಾಗ ಸುಪ್ರೀಂ ಕೋರ್ಟ್ ತಡೆಯಿತು. ಅದೇ ಡಿಸೆಂಬರ್‌ನಲ್ಲಿ ಅವರು ಲೋಕಸಭೆ ವಿಸರ್ಜಿಸಿ ಜನರ ಮುಂದೆ ನಿಂತರು. 352 ಸ್ಥಾನ ಬಂತು. ಎದುರಿಗಿದ್ದ ನಾಲ್ಕು ಪಕ್ಷಗಳು ಸೇರಿ 50 ಮುಟ್ಟಲಿಲ್ಲ. ಮೈಸೂರು ರಾಜ್ಯದ 27ಕ್ಕೆ 27 ಕ್ಷೇತ್ರಗಳೂ ಇಂದಿರಾ ಕಾಂಗ್ರೆಸ್ ಪಾಲಾದವು. ನಿಜಲಿಂಗಪ್ಪನವರ ಚಿತ್ರದುರ್ಗದಲ್ಲೂ ಗೆದ್ದದ್ದು ಕೊಂಡಜ್ಜಿ ಬಸಪ್ಪ. ಅಲ್ಪಮತದ ಸರ್ಕಾರವನ್ನು ಕೆಡವಲು ಎದುರಾಳಿಗಳೆಲ್ಲ ಒಂದಾದರೆ ಸಾಲದು, ಒಂದಾಗಿ ಏನು ಮಾಡುತ್ತೇವೆ ಅಂತ ಹೇಳಬೇಕು. ಆ ಕೂಟ ಅದನ್ನು ಹೇಳಲಿಲ್ಲ, ಜನ ಅದರ ಕೈ ಹಿಡಿಯಲಿಲ್ಲ. ನನ್ನ ಓದು ಇದು.

ಮುಂದಿನ ಅಧ್ಯಾಯ 1983. ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18. 224ರ ಸದನದಲ್ಲಿ ಯಾರಿಗೂ ಬಹುಮತ ಇಲ್ಲ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಹೊರಗಿನಿಂದ ಬೆಂಬಲ ಕೊಟ್ಟವರು ಒಂದು ಕಡೆ ಬಿಜೆಪಿ, ಇನ್ನೊಂದು ಕಡೆ ಕಮ್ಯುನಿಸ್ಟರು. ಆಗ ದಾವಣಗೆರೆಯ ಶಾಸಕರು ಸಿಪಿಐನ ಪಂಪಾಪತಿ. ಹತ್ತಿ ಗಿರಣಿಗಳ ಊರಿನಲ್ಲಿ ಕಾರ್ಮಿಕರನ್ನು ಕಟ್ಟಿ ಬೆಳೆದ ನಾಯಕ. ಹೆಗಡೆ ಸರ್ಕಾರ ನಿಂತದ್ದು ಬಿಜೆಪಿಯ 18ರ ಜೊತೆ ಇಂಥವರ ಮತವೂ ಸೇರಿ. ಇವತ್ತು ಇದನ್ನು ಹೇಳಿದರೆ ಕಾಲೇಜು ಹುಡುಗರು ನಂಬೋದು ಕಷ್ಟ. ಅಲ್ಪಮತದ ಸರ್ಕಾರ ಅಂದರೆ ಕೆಟ್ಟದ್ದೇ ಆಗಬೇಕಿಲ್ಲ ಅನ್ನೋದಕ್ಕೆ ಆ ಎರಡು ವರ್ಷ ಸಾಕ್ಷಿ. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದಲ್ಲಿ 4 ಸ್ಥಾನ ಮಾತ್ರ ಬಂದಾಗ ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆಗೆ ಹೊಸ ಚುನಾವಣೆ ಕೇಳಿದರು. ಸದನದಲ್ಲಿ ಯಾರೂ ಅವರನ್ನು ಸೋಲಿಸಿರಲಿಲ್ಲ. 1985ರಲ್ಲಿ 139 ಸ್ಥಾನದೊಂದಿಗೆ ವಾಪಸ್ ಬಂದರು.

ಅದೇ ವರ್ಷ ಪಕ್ಷಾಂತರ ನಿಷೇಧ ಕಾಯ್ದೆಯೂ ಬಂತು. ಇನ್ನು ಶಾಸಕರು ಹಿಂದೆ ಮುಂದೆ ನೋಡುತ್ತಾರೆ ಅಂತ ಎಲ್ಲರೂ ನಂಬಿದ್ದರು.

1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರದ ವಿರುದ್ಧ 19 ಶಾಸಕರ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಅವರಲ್ಲಿ 7 ಮಂದಿ 'ನಾವು ಬೆಂಬಲ ವಾಪಸ್ ಪಡೆದಿಲ್ಲ' ಅಂತ ಮತ್ತೆ ಬರೆದುಕೊಟ್ಟರು. ಸದನ ಕರೆಯುತ್ತೇನೆ, ಅಲ್ಲೇ ಎಣಿಸಿ ಅಂತ ಬೊಮ್ಮಾಯಿ ಕೇಳಿಕೊಂಡರು. ರಾಜ್ಯಪಾಲರು ಕೇಳಲಿಲ್ಲ, ಕೇಂದ್ರ ರಾಷ್ಟ್ರಪತಿ ಆಳ್ವಿಕೆ ಹೇರಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಸರಳ ಮಾತು: ಬಹುಮತ ಇದೆಯೋ ಇಲ್ಲವೋ ಅನ್ನೋದು ರಾಜಭವನದಲ್ಲಿ ತೀರ್ಮಾನ ಆಗಬಾರದು, ಸದನದಲ್ಲಿ ಆಗಬೇಕು. ಇವತ್ತಿಗೂ ದೇಶದ ಎಲ್ಲ ರಾಜ್ಯಗಳೂ ನಡೆಯಬೇಕಾದ್ದು ಇದೇ ದಾರಿಯಲ್ಲಿ.

1996ರಲ್ಲಿ ದೆಹಲಿಯಲ್ಲಿ ನಡೆದದ್ದು ನೇರವಾಗಿ ನಮ್ಮ ಮನೆ ಬಾಗಿಲಿಗೇ ಬಂತು. 161 ಸ್ಥಾನದ ಬಿಜೆಪಿ ದೊಡ್ಡ ಪಕ್ಷ, ಅಟಲ್ ಬಿಹಾರಿ ವಾಜಪೇಯಿ ಪ್ರಧಾನಿ. ಬೇರೆ ಪಕ್ಷಗಳು ಒಟ್ಟಾದವು. 13 ದಿನಕ್ಕೆ ವಾಜಪೇಯಿ ಮತಕ್ಕೆ ಮೊದಲೇ ರಾಜೀನಾಮೆ ಕೊಟ್ಟರು. ಸಂಯುಕ್ತ ರಂಗದ ಎಚ್.ಡಿ. ದೇವೇಗೌಡ ಪ್ರಧಾನಿಯಾದರು. ಬೆಂಗಳೂರಿನಲ್ಲಿ ಖಾಲಿಯಾದ ಮುಖ್ಯಮಂತ್ರಿ ಜಾಗಕ್ಕೆ ಬಂದವರು ಜೆ.ಎಚ್. ಪಟೇಲ್. ಅವರ ಕಾಲದಲ್ಲೇ, 1997ರ ಆಗಸ್ಟ್ 15ರಂದು, ದಾವಣಗೆರೆ ಜಿಲ್ಲೆ ಆಯಿತು. ಚಿತ್ರದುರ್ಗದ ಜೊತೆಗಿದ್ದ ತಾಲ್ಲೂಕುಗಳಿಗೆ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ ಸೇರಿದವು. ಫಲಿತಾಂಶ ಬಂದ ಮೇಲೆ ಆಗುವ ಮೈತ್ರಿಯೆಲ್ಲ ಜನದ್ರೋಹ ಅಂತ ವಾದ ಮಾಡುವವರು ದಾವಣಗೆರೆಯ ಜಿಲ್ಲಾಧಿಕಾರಿ ಕಚೇರಿ ಮುಂದೆ ಹಾದುಹೋಗುವಾಗ ಒಂದು ಕ್ಷಣ ಇದನ್ನು ನೆನೆಯಬೇಕು. ಅಂಥದ್ದೊಂದು ಮೈತ್ರಿ ಆಗದಿದ್ದರೆ ಆ ಕಚೇರಿ ಅಷ್ಟು ಬೇಗ ಬರುತ್ತಿರಲಿಲ್ಲ.

2004ರಿಂದ 2007ರ ತನಕ ಮೂವರು ಮುಖ್ಯಮಂತ್ರಿಗಳು ಬಂದುಹೋದರು: ಧರಂ ಸಿಂಗ್, ಎಚ್.ಡಿ. ಕುಮಾರಸ್ವಾಮಿ, ಬಿ.ಎಸ್. ಯಡಿಯೂರಪ್ಪ. ಯಡಿಯೂರಪ್ಪನವರ ಆ ಸರ್ಕಾರ ಬಾಳಿದ್ದು ಒಂದೇ ವಾರ.

2008ರಲ್ಲಿ ಬಿಜೆಪಿ 110ಕ್ಕೆ ನಿಂತಿತು, ಬೇಕಿದ್ದದ್ದು 113. ಕೊರತೆ ತುಂಬಿಕೊಟ್ಟವರು ಪಕ್ಷೇತರರು. ಅವರಲ್ಲಿ ಇಬ್ಬರು ಚಿತ್ರದುರ್ಗ ಜಿಲ್ಲೆಯವರು: ಹೊಸದುರ್ಗದ ಗೂಳಿಹಟ್ಟಿ ಶೇಖರ್, ಹಿರಿಯೂರಿನ ಡಿ. ಸುಧಾಕರ್. ಇಬ್ಬರೂ ಮಂತ್ರಿಗಳಾದರು. 2010ರ ಅಕ್ಟೋಬರ್‌ನಲ್ಲಿ ಐವರು ಪಕ್ಷೇತರರು ಮತ್ತು ಬಿಜೆಪಿಯದೇ ಹಲವರು ಬೆಂಬಲ ವಾಪಸ್ ಪಡೆದರು. ವಿಶ್ವಾಸಮತಕ್ಕೆ ಸ್ವಲ್ಪ ಮೊದಲು ಸ್ಪೀಕರ್ ಕೆ.ಜಿ. ಬೋಪಯ್ಯ 11 ಬಿಜೆಪಿ ಶಾಸಕರನ್ನೂ ಈ 5 ಮಂದಿಯನ್ನೂ ಅನರ್ಹಗೊಳಿಸಿದರು.

ಅಕ್ಟೋಬರ್ 11ರ ಆ ಬೆಳಿಗ್ಗೆಯನ್ನು ಟಿವಿಯಲ್ಲಿ ನೋಡಿದವರು ಮರೆತಿರಲಿಕ್ಕಿಲ್ಲ. ಬಾಗಿಲಲ್ಲಿ ನೂಕಾಟ, ಸದನದೊಳಗೆ ಮಾರ್ಷಲ್‌ಗಳು, ಹರಿದ ಅಂಗಿ, ಗದ್ದಲ. ಆ ಗದ್ದಲದಲ್ಲೇ ಧ್ವನಿಮತದಿಂದ ಸರ್ಕಾರ ಗೆದ್ದಿತು ಅಂತ ಘೋಷಣೆ ಆಯಿತು. ಯಾರು ಹೂಂ ಅಂದರು, ಯಾರು ಊಹೂಂ ಅಂದರು, ಯಾರಿಗೂ ಕೇಳಿಸುವಂತಿರಲಿಲ್ಲ. ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಮತ್ತೊಮ್ಮೆ ಸಾಬೀತು ಮಾಡಿ ಅಂದರು. 14ರಂದು ತಲೆ ಎಣಿಸಿದಾಗ 106–100. ಆದರೆ ಅನರ್ಹರಾದ 16 ಮಂದಿ ಆ ಎಣಿಕೆಯಲ್ಲಿ ಇರಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನೇ ರದ್ದು ಮಾಡಿತು. ಅಷ್ಟು ಹೊತ್ತಿಗೆ ಏಳು ತಿಂಗಳು ಕಳೆದಿತ್ತು, ಮತ ಚಲಾಯಿಸುವ ದಿನ ದಾಟಿಹೋಗಿತ್ತು. ಹೊಸದುರ್ಗ, ಹಿರಿಯೂರಿನ ಜನರಿಗೆ ಆ ದಿನ ಸದನದಲ್ಲಿ ದನಿಯೇ ಇರಲಿಲ್ಲ. ಅವರ ಶಾಸಕರು ಮಾಡಿದ್ದು ಸರಿಯೋ ತಪ್ಪೋ, ಅದು ಬೇರೆ. ಎಣಿಕೆಗೆ ಮೊದಲೇ ತಲೆ ತೆಗೆದುಹಾಕುವುದು ದೊಡ್ಡ ಅನ್ಯಾಯ.

2008ರ ಕೊನೆಯಲ್ಲಿ ಕೆನಡಾದಲ್ಲೂ ಇದೇ ವಾದ ಎದ್ದಿತ್ತು. 308ರ ಸದನದಲ್ಲಿ ಸ್ಟೀಫನ್ ಹಾರ್ಪರ್ ಪಕ್ಷಕ್ಕೆ 143. ಲಿಬರಲ್ ಮತ್ತು ಎನ್‌ಡಿಪಿ ಪಕ್ಷಗಳು, ಕ್ವಿಬೆಕ್‌ನ ಬ್ಲಾಕ್ ಪಕ್ಷದ ಬೆಂಬಲ ಪಡೆದು, ಸರ್ಕಾರ ಇಳಿಸಲು ಒಪ್ಪಂದ ಮಾಡಿಕೊಂಡವು. 'ಜನ ಈ ಕೂಟಕ್ಕೆ ಓಟು ಹಾಕಿಲ್ಲ' ಅಂತ ಒಂದು ಕಡೆ, 'ಸದನದ ಬಹುಮತ ನಮ್ಮದು' ಅಂತ ಇನ್ನೊಂದು ಕಡೆ. ಥೇಟ್ ನಮ್ಮದೇ ಮಾತು. ಹಾರ್ಪರ್ ಗವರ್ನರ್ ಜನರಲ್ ಹತ್ತಿರ ಹೋಗಿ ಡಿಸೆಂಬರ್ 4ರಂದು ಅಧಿವೇಶನವನ್ನೇ ಮುಂದೂಡಿಸಿದರು. ಜನವರಿಯಲ್ಲಿ ಸದನ ಸೇರುವ ಹೊತ್ತಿಗೆ ಮೈತ್ರಿ ಕರಗಿತ್ತು. ಅಲ್ಪಮತದ ಸರ್ಕಾರಕ್ಕೆ ಎಲ್ಲಕ್ಕಿಂತ ಬೇಕಾದದ್ದು ಸಮಯ ಅನ್ನೋದು ಅಲ್ಲಿ ಸ್ಪಷ್ಟವಾಯಿತು.

2018ರಲ್ಲಿ ನಮ್ಮಲ್ಲಿ ನಡೆದದ್ದೂ ಸಮಯದ ಗುದ್ದಾಟವೇ. ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪನವರಿಗೆ 15 ದಿನ ಕೊಟ್ಟರು. ಸುಪ್ರೀಂ ಕೋರ್ಟ್ ಅದನ್ನು ಕತ್ತರಿಸಿ, ಮೇ 19ರ ಸಂಜೆ 4ಕ್ಕೆ ಸಾಬೀತು ಮಾಡಿ ಅಂತು. ಮತಕ್ಕೆ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು, ಕಾಂಗ್ರೆಸ್–ಜೆಡಿಎಸ್ ಮೈತ್ರಿಯ ಕುಮಾರಸ್ವಾಮಿ ಮುಖ್ಯಮಂತ್ರಿಯಾದರು.

ಹಾಗಾದರೆ ರಾಜ್ಯಪಾಲರು ಮೊದಲು ಯಾರನ್ನು ಕರೆಯಬೇಕು? ಕೇಂದ್ರ–ರಾಜ್ಯ ಸಂಬಂಧ ಪರಿಶೀಲಿಸಿದ ಸರ್ಕಾರಿಯಾ ಆಯೋಗ 1988ರಲ್ಲೇ ಒಂದು ಕ್ರಮ ಹೇಳಿದೆ. ಚುನಾವಣೆಗೆ ಮೊದಲೇ ಆದ ಮೈತ್ರಿಕೂಟ ಮೊದಲು. ಅದಿಲ್ಲದಿದ್ದರೆ, ಬೇರೆಯವರ ಬೆಂಬಲ ಇರುವ ದೊಡ್ಡ ಪಕ್ಷ. ಆಮೇಲೆ ಫಲಿತಾಂಶದ ನಂತರ ಆದ ಮೈತ್ರಿ. 'ದೊಡ್ಡ ಪಕ್ಷವನ್ನೇ ಕರೆಯಬೇಕು' ಅನ್ನುವವರು 'ಬೇರೆಯವರ ಬೆಂಬಲ ಇರುವ' ಅನ್ನೋ ಭಾಗವನ್ನು ಸುಮ್ನೆ ಬಿಟ್ಟುಬಿಡುತ್ತಾರೆ. 104ರ ಪಕ್ಕದಲ್ಲಿ ನಿಲ್ಲುವ ಪಕ್ಷ ಯಾವುದೂ ಇರಲಿಲ್ಲ. ನಮ್ಮ ಜಿಲ್ಲೆಗಳು ಬಿಜೆಪಿಯನ್ನು ಆರಿಸಿದ್ದು ನಿಜ, ಆದರೆ ನಾವು ಆರಿಸೋದು ಸದನವನ್ನು. ಸರ್ಕಾರವನ್ನು ಆರಿಸೋದು ಆ ಸದನ. ಆದ್ದರಿಂದ ಮೈತ್ರಿಯ ಹಕ್ಕನ್ನು ನಾನು ಒಪ್ಪುತ್ತೇನೆ, ಅದು ಯಾವ ಪಕ್ಷದ್ದಾದರೂ ಸರಿ.

ನಾನು ಒಪ್ಪದ್ದು ರಾಜೀನಾಮೆ ಕೊಡಿಸುವ ಆಟವನ್ನು. ಜಗಳೂರಿನವರಿಗೆ ಇದು ಹೊಸದಲ್ಲ. 2008ರಲ್ಲಿ ಅಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಎಸ್.ವಿ. ರಾಮಚಂದ್ರ ರಾಜೀನಾಮೆ ಕೊಟ್ಟು, 2011ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. 2019ರಲ್ಲಿ ಅದೇ ದಾರಿ ಇನ್ನೂ ಅಗಲವಾಯಿತು. ಜುಲೈ 23ರ ಸಂಜೆ ವಿಧಾನಸಭೆಯಲ್ಲಿ ಶಾಸಕರನ್ನು ಸಾಲು ಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸಿದರು. ಪರ 99, ವಿರುದ್ಧ 105. ರಾಜೀನಾಮೆ ಕೊಟ್ಟವರ ಜಾಗ ಖಾಲಿ. ಕುಮಾರಸ್ವಾಮಿ ಸರ್ಕಾರವನ್ನು ಕೆಡವಿದ್ದು ಆ ಖಾಲಿ ಕುರ್ಚಿಗಳು.

ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ 17 ಮಂದಿಯನ್ನು ಅನರ್ಹಗೊಳಿಸಿ, ಆ ವಿಧಾನಸಭೆಯ ಅವಧಿ ಮುಗಿಯುವ ತನಕ ಸ್ಪರ್ಧಿಸುವಂತಿಲ್ಲ ಅಂದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಅಷ್ಟು ದಿನ ಸ್ಪರ್ಧೆ ತಡೆಯುವ ಅಧಿಕಾರ ಸ್ಪೀಕರ್‌ಗೆ ಕಾನೂನಿನಲ್ಲಿ ಇಲ್ಲ ಅಂತು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು, 12ರಲ್ಲಿ ಬಿಜೆಪಿ ಗೆದ್ದಿತು. ಅನರ್ಹರಾಗಿದ್ದವರಲ್ಲಿ ಹಲವರು ಮಂತ್ರಿಗಳಾದರು.

ಕಾನೂನಿನಲ್ಲಿ ಇಲ್ಲ ಅಂದಮೇಲೆ ಅದನ್ನು ಸೇರಿಸಬಹುದಾದ್ದು ಸಂಸತ್ತು ಮಾತ್ರ. ಪಕ್ಷ ಬಿಡಲು ರಾಜೀನಾಮೆ ಕೊಟ್ಟವರು ಆ ಸದನದ ಉಳಿದ ಅವಧಿಗೆ ಮತ್ತೆ ನಿಲ್ಲುವಂತಿಲ್ಲ, ಮಂತ್ರಿಯೂ ಆಗುವಂತಿಲ್ಲ ಎಂಬ ಒಂದು ಸಾಲು ಸಾಕು. ಮುಂದಿನ ಸಲ ಓಟು ಕೇಳಲು ಬರುವ ಪ್ರತಿ ಪಕ್ಷದವರನ್ನೂ ಎರಡು ವಿಷಯ ಕೇಳೋಣ. ಬಹುಮತ ಬಾರದಿದ್ದರೆ ಯಾರ ಜೊತೆ ಹೋಗುತ್ತೀರಿ? ಆ ಒಂದು ಸಾಲಿಗೆ ಸಂಸತ್ತಿನಲ್ಲಿ ಕೈ ಎತ್ತುತ್ತೀರಾ?