ಒಳ್ಳೆಯ ಫೋಟೋ ಇದೆ, ಅದನ್ನೇ ಕೋವಿಯ ಮೇಲೆ ಕೆತ್ತಿಸಬಹುದೇ?

ಪ್ರಶ್ನೆ: ಜೋಡುನಳಿಗೆಯ ತೋಟಾ ಕೋವಿಯ ಎರಡೂ ಪಕ್ಕದ ತಟ್ಟೆಗಳ ಮೇಲೆ, ಬೇಟೆಗೆ ಗುರಿಯಾಗುವ ಹಕ್ಕಿಗಳ ದೃಶ್ಯ ಕೆತ್ತಿಸಬೇಕೆಂದಿದ್ದೇನೆ. ಸೊಗಸಾದ ಫೋಟೋ ಒಂದಿದೆ. ಅದನ್ನು ಹಾಗೆಯೇ ಕೆತ್ತಿಸಿದರೆ ಸಾಲದೇ?

ಉತ್ತರ: ಸಾಲದು. ಫೋಟೋ ಹಕ್ಕಿಯನ್ನು ತೋರಿಸುತ್ತದೆ, ಅದನ್ನು ಎಲ್ಲಿ ಕೂರಿಸಬೇಕೆಂದು ಹೇಳುವುದು ತಟ್ಟೆ. ಸೈಡ್‌ಲಾಕ್ ಕೋವಿಯ, ಅಂದರೆ ಗುಂಡು ಹಾರಿಸುವ ಯಂತ್ರವನ್ನು ಪಕ್ಕದ ತಟ್ಟೆಗಳ ಒಳಬದಿಗೆ ಜೋಡಿಸಿದ ಕೋವಿಯ, ತಟ್ಟೆ ನಳಿಗೆಯ ಕಡೆ ಅಗಲವಾಗಿದ್ದು, ಹಿಂದಕ್ಕೆ ಬಾಲದಂತೆ ಸಣ್ಣಗಾಗುತ್ತದೆ. ಒಳಗಿನ ಯಂತ್ರದ ಪಿನ್ನುಗಳ ತಲೆಗಳೂ ಅದರ ಮೇಲೆ ಅಲ್ಲಲ್ಲಿ ಕಾಣುತ್ತವೆ. ಬೇಟೆನಾಯಿಯ ಮುಖದ ನಡುವೆ ಒಂದು ಪಿನ್ನು ಬಂದು ಕೂತರೆ ಇಡೀ ದೃಶ್ಯ ಕೆಟ್ಟಂತೆ. ಆದ್ದರಿಂದ ಮೊದಲು ತಟ್ಟೆಯ ಆಕಾರವನ್ನು ಕಾಗದಕ್ಕೆ ಇಳಿಸಿ, ಪಿನ್ನುಗಳನ್ನು ಗುರುತಿಸಬೇಕು. ಅವು ಬೀಳುವ ಕಡೆ ಪೊದೆಯನ್ನೋ ಮರದ ಬೊಡ್ಡೆಯನ್ನೋ ತರಬೇಕು. ಹಾರುವ ಹಕ್ಕಿಗೆ ಅಗಲವಾದ ಜಾಗ, ಬಾಲದ ಕಡೆಗೆ ಜೊಂಡುಹುಲ್ಲು.

ಫೋಟೋವನ್ನು ತಟ್ಟೆಯ ನಿಜವಾದ ಅಳತೆಗೇ ಮುದ್ರಿಸಿ ನೋಡಿ. ಐದು ಹಕ್ಕಿಗಳ ಹಿಂಡು ಅಲ್ಲಿ ಇರುವೆಸಾಲಾಗುತ್ತದೆ. ನನ್ನ ಮಟ್ಟಿಗೆ ಎರಡೇ ಹಕ್ಕಿಗಳು ಸಾಕು, ಸುತ್ತ ಖಾಲಿ ಆಕಾಶವಿರಲಿ. ಹಕ್ಕಿಗಳು ಸಾಮಾನ್ಯವಾಗಿ ನಳಿಗೆಯ ತುದಿಯತ್ತ ಮುಖ ಮಾಡಿರುತ್ತವೆ. ಆದರೆ ಒಂದೇ ಚಿತ್ರವನ್ನು ತಿರುಗಿಸಿ ಎರಡೂ ಕಡೆ ಹಾಕಿಸಬೇಡಿ. ಒಂದು ಪಕ್ಕದಲ್ಲಿ ನಾಯಿ ಜಾಡು ಹಿಡಿದು ನಿಂತಿರಲಿ, ಇನ್ನೊಂದರಲ್ಲಿ ಹಕ್ಕಿ ಎದ್ದು ಹಾರಲಿ.

ಇನ್ನು ಕೆತ್ತನೆಯ ಬಗೆ. ಇಟಲಿಯ ವಾಲ್ ಟ್ರೋಂಪಿಯಾ ಕಣಿವೆಯ ಗಾರ್ಡೋನೆ ಊರಿನ ಕುಶಲಕರ್ಮಿಗಳು ಬೆಳೆಸಿದ ಬುಲಿನೋ ಪದ್ಧತಿಯಲ್ಲಿ ಸುತ್ತಿಗೆ ಇಲ್ಲ. ಚೂಪಾದ ಉಳಿಯನ್ನು ಅಂಗೈಯಿಂದ ಒತ್ತಿ, ಕೂದಲಿನಷ್ಟು ಸಣ್ಣ ಗೆರೆ, ಚುಕ್ಕಿಗಳನ್ನು ಮೂಡಿಸುತ್ತಾರೆ. ಚುಕ್ಕಿಗಳು ಒತ್ತಾದರೆ ನೆರಳು, ವಿರಳವಾದರೆ ಬೆಳಕು. ಭೂತಗನ್ನಡಿಯಲ್ಲಿ ವುಡ್‌ಕಾಕ್ ಎಂಬ ಉದ್ದ ಕೊಕ್ಕಿನ ಹಕ್ಕಿಯ ಕಣ್ಣನ್ನು ನೋಡಿ: ಸುತ್ತಲೂ ಕಪ್ಪಾಗುವಷ್ಟು ಚುಕ್ಕಿಗಳು, ನಡುವೆ ಉಳಿ ಮುಟ್ಟದೆ ಬಿಟ್ಟ ಉಕ್ಕಿನ ಒಂದೇ ಒಂದು ಕಣ. ಹಕ್ಕಿಗೆ ಜೀವ ಬರುವುದು ಆ ಕಣದಿಂದ! ಆ ಕಣ್ಣು ತಲೆಯಲ್ಲಿ ಬಹಳ ಮೇಲೆ, ಹಿಂದಕ್ಕೆ ಇರುತ್ತದೆ. ಕೋಳಿಯ ಕಣ್ಣಿನ ಜಾಗದಲ್ಲಿ ಇಟ್ಟರೆ ಹಕ್ಕಿ ಬಲ್ಲವರಿಗೆ ತಕ್ಷಣ ಗೊತ್ತಾಗುತ್ತದೆ. ಫೋಟೋ ನಿಜವಾಗಿ ನೆರವಿಗೆ ಬರುವುದು ಇಂಥಲ್ಲಿ.

ಉಕ್ಕಿನ ಬಣ್ಣವನ್ನೂ ಮೊದಲೇ ತೀರ್ಮಾನಿಸಿ. ಕಾಯಿಸಿ ಗಡುಸುಗೊಳಿಸುವಾಗ ಮೂಡುವ ನೀಲಿ, ಕಂದು ಮಚ್ಚೆಗಳಲ್ಲಿ ನವುರಾದ ಬುಲಿನೋ ಮುಳುಗಿಹೋಗುತ್ತದೆ, ಅದಕ್ಕೆ ಬೆಳ್ಳಿಯಂಥ ಬೂದುಬಣ್ಣದ ಉಕ್ಕೇ ಸರಿ. ಈ ಗೆರೆಗಳು ಆಳವಿಲ್ಲದ ಕಾರಣ ಬೇಗ ಸವೆಯುತ್ತವೆ ಕೂಡ. ಕೋವಿಯನ್ನು ಮಳೆ, ಕೆಸರಿನಲ್ಲಿ ವರ್ಷವರ್ಷವೂ ಬಳಸುವವರಾದರೆ, ಸುತ್ತಿಗೆ ಮತ್ತು ಉಳಿಯಿಂದ ಆಳವಾಗಿ ಕೆತ್ತುವವರನ್ನು ಹುಡುಕಿ.